ಸಾಕ್ಷಿ ತುಂಡು

ಆ ಬೆಳಗ್ಗೆ ಮಂಜು ನೆಲಕ್ಕೆ ಅಂಟಿಕೊಂಡು ಕೂತಿತ್ತು. ಕರೆಯದೆ ಬಂದ ನೆಂಟ ಚಾಪೆ ಹಾಸಿಕೊಂಡ ಹಾಗೆ, ಇವತ್ತು ಹೊರಟೆ ನಾಳೆ ಹೊರಟೆ ಎನ್ನುತ್ತಲೇ ಅದು ಮೂರನೆಯ ದಿನಕ್ಕೆ ಕಾಲಿಟ್ಟಿತ್ತು. ಕಲ್ಲಿನ ಯಾರ್ಡಿನ ತಗಡಿನ ಮಾಡಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಸಾಲಾಗಿ ಒರಗಿಸಿಟ್ಟ ಸ್ಲ್ಯಾಬುಗಳೆಲ್ಲ ಬೆವೆತಿದ್ದವು. ಪಾಲಿಶ್ ಮೇಸ್ತ್ರಿ ಐದನೆಯ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಅಂಗೈಯಿಂದ ಅದರ ಮೈ ಒರೆಸಿ, ತಲೆಯನ್ನು ಎಡಕ್ಕೆ ವಾಲಿಸಿ ನೋಡಿದ, ಬಲಕ್ಕೆ ವಾಲಿಸಿ ನೋಡಿದ. ಕಲ್ಲು ಕಣ್ಣು ಬಿಡಲಿಲ್ಲ.

"ಬಿಸಿಲು ಬರಲಿ ಮೇಸ್ತ್ರಿ," ಎಂದ ಯಾರ್ಡಿನ ಯಜಮಾನ, ಮಫ್ಲರಿನೊಳಗಿಂದ. "ಬಿಸಿಲಿಲ್ಲದೆ ಈ ಕಲ್ಲು ನೋಡೋದು ಅಂದ್ರೆ, ಮಲಗಿರೋ ಮಗೂನ ನೋಡಿ ಕಣ್ಣು ಯಾರ ಹಾಗಿದೆ ಅಂತ ಕೇಳಿದ ಹಾಗೆ."

"ಬಿಸಿಲು ಸೋಮವಾರ ಬಂದು ನನಗೇನು ಮಾಡುತ್ತೆ? ನಾಳೆ ಮಧ್ಯಾಹ್ನಕ್ಕೆ ಕೆಲಸ ಮುಗೀಬೇಕು."

"ಹಾಗಾದ್ರೆ ಇದನ್ನೇ ತಗೊಂಡು ಹೋಗಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ," ಎಂದು ಮೇಸ್ತ್ರಿ ಎದ್ದ. ಎದ್ದ ರಭಸಕ್ಕೆ ಮಂಡಿ ಲಟಕ್ ಎಂದಿತು. ಅದೂ ಇವತ್ತೇ ಆಗಬೇಕಿತ್ತೆ ಎಂದು ಮಂಡಿಯನ್ನೂ ಬೈದುಕೊಂಡ.

ಅವನ ಎಡಗೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಒಂದು ಚೂರಿತ್ತು. ಅಂಗೈಯಷ್ಟು ಅಗಲ, ಒಂದು ಕಡೆ ಕನ್ನಡಿಯ ಹಾಗೆ ನಯ, ಮಿಕ್ಕ ಕಡೆಯೆಲ್ಲ ಕಚ್ಚಿದ ಕಲ್ಲುಸಕ್ಕರೆಯ ಹಾಗೆ ಒರಟು. ಅದನ್ನು ಬೆಳಗಿನಿಂದ ಒಂದೊಂದು ಸ್ಲ್ಯಾಬಿಗೂ ತಾಗಿಸಿ ಹಿಡಿದು ನೋಡಿದ್ದ. ಮೊದಲನೆಯದರ ಹರಳು ದೊಡ್ಡದು. ಎರಡನೆಯದರ ಮೈ ಕಪ್ಪಲ್ಲ, ಬೂದಿ. ಮೂರನೆಯದರಲ್ಲಿ ನೀಲಿಗಿಂತ ಬೆಳ್ಳಿಯೇ ಹೆಚ್ಚು. ನಾಲ್ಕನೆಯದು ಎಲ್ಲದರಲ್ಲೂ ಹತ್ತಿರ ಬಂದಿತ್ತು, ಆದರೆ ದಪ್ಪ ಅರ್ಧ ಬೆರಳು ಕಡಿಮೆ. ಐದನೆಯದು ಮುಖ ತಿರುಗಿಸಿಕೊಂಡು ಕೂತಿದೆ. ನಿನ್ನೆ, ಮೊನ್ನೆ, ಇನ್ನೆರಡು ಯಾರ್ಡುಗಳಲ್ಲೂ ಇದೇ ಕಥೆ.

ಯಾರ್ಡಿನವರು ಅದನ್ನು ನೀಲಿಗಣ್ಣಿನ ಕಲ್ಲು ಎನ್ನುತ್ತಾರೆ. ಹಡಗಿನಲ್ಲಿ ಬರುವ ಕಲ್ಲು. ಒಂದು ಕಾಲಕ್ಕೆ ಭೂಮಿಯ ಹೊಟ್ಟೆಯಲ್ಲಿ ಬೆಂಕಿಯ ರಸವಾಗಿ ಕುದ್ದು, ಅಲ್ಲೇ, ಯಾರ ಅವಸರವೂ ಇಲ್ಲದೆ, ಎಣಿಸಲಾಗದಷ್ಟು ಕಾಲ ಆರುತ್ತ ಕೂತದ್ದು. ಬೇಗ ಆರಿದ ಕಲ್ಲಿನ ಹರಳು ಕಣ್ಣಿಗೆ ಕಾಣದಷ್ಟು ಸಣ್ಣದು. ನಿಧಾನ ಆರಿದ್ದರ ಹರಳು ಹೆಬ್ಬೆರಳಿನ ಉಗುರಿನಷ್ಟು. ಈ ಕಲ್ಲಿನ ಹರಳಿನೊಳಗೆ ಈರುಳ್ಳಿ ಪೊರೆಗಿಂತ ತೆಳುವಾದ ಪದರಗಳಿವೆ. ಓರೆಯಾಗಿ ಬಿದ್ದ ಬೆಳಕು ಅವುಗಳ ನಡುವೆ ಸಿಕ್ಕಿ, ತಡವರಿಸಿ, ಹೊರಗೆ ಬರುವಾಗ ನೀಲಿಯಾಗಿ ಬರುತ್ತದೆ. ನೋಡುವವನು ಒಂದು ಹೆಜ್ಜೆ ಸರಿದರೆ ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆಯುತ್ತದೆ. ದೇವರು ಬೆಳಕನ್ನು ಬಚ್ಚಿಟ್ಟ ಜಾಗಗಳಲ್ಲಿ ಇದೂ ಒಂದು ಎಂದು ಮೇಸ್ತ್ರಿ ಒಳಗೊಳಗೇ ನಂಬಿದ್ದ. ಬಾಯಿಬಿಟ್ಟು ಹೇಳಿದರೆ ಯಾರ್ಡಿನಲ್ಲಿ ನಗುತ್ತಾರೆ.

ಊರಿನ ಲೈಬ್ರರಿಯ ಕೌಂಟರಿಗೆ ಆ ಕಲ್ಲನ್ನು ಹಾಸಿ ಹನ್ನೊಂದು ವರ್ಷವಾಗಿತ್ತು. ಒಂಬತ್ತು ಅಡಿ ಉದ್ದ, ಎರಡು ಅಡಿ ಅಗಲ. ಕಿಟಕಿಯ ಬೆಳಕು ಓರೆಯಾಗಿ ಬೀಳುವ ಹಾಗೆ ಕೂರಿಸಿದ್ದು. ಬೆಳಗ್ಗೆ ಪುಸ್ತಕ ಹಿಂದಿರುಗಿಸಲು ಬಂದವರು ಒಂದು ಗಳಿಗೆ ಪುಸ್ತಕವನ್ನು ಕೈಯಲ್ಲೇ ಹಿಡಿದು ನಿಂತುಬಿಡುತ್ತಿದ್ದರು. ಮೂವತ್ತು ವರ್ಷ ಮೇಸ್ತ್ರಿ ಉಜ್ಜಿ ಹೊಳೆಯಿಸಿದ ಕಲ್ಲೆಲ್ಲ ಯಾರದೋ ಅಡುಗೆಮನೆ, ಯಾರದೋ ಬಚ್ಚಲು, ಯಾರದೋ ಗೋರಿ ಸೇರಿ ಮರೆಯಾಗಿದ್ದವು. ಇದೊಂದು ಮಾತ್ರ ನಾಲ್ಕು ಜನ ಓಡಾಡುವ ಕಡೆ ಇತ್ತು. ಓದುವ ಅಭ್ಯಾಸ ಅವನಿಗೆ ಅಷ್ಟಕ್ಕಷ್ಟೇ. ಆದರೂ ಸದಸ್ಯನಾಗಿದ್ದ. ಜೇನು ಸಾಕಣೆಯ ಒಂದು ಪುಸ್ತಕವನ್ನು ಹದಿನೈದು ದಿನಕ್ಕೊಮ್ಮೆ ತಂದು ಕೊಟ್ಟು, ಮತ್ತೆ ಅದನ್ನೇ ತೆಗೆದುಕೊಂಡು ಹೋಗುತ್ತಿದ್ದ.

"ಜೇನು ಎಷ್ಟು ಪೆಟ್ಟಿಗೆ ಆಯ್ತು ಮೇಸ್ತ್ರಿ?" ಎಂದು ಲೈಬ್ರರಿಯ ಮೇಡಂ ತಲೆಯೆತ್ತದೆ ಕೇಳುತ್ತಿದ್ದರು. ಅವನು ಬರುವುದು ಯಾತಕ್ಕೆಂದು ಅವರಿಗೆ ಗೊತ್ತಿತ್ತು. ಮುದ್ರೆ ಒತ್ತಲು ಬೇಕೆಂದೇ ಸ್ವಲ್ಪ ತಡಮಾಡುತ್ತಿದ್ದರು.

ಈ ವಾರದ ಸೋಮವಾರ ಟ್ಯೂಬ್‌ಲೈಟ್ ಬದಲಿಸಲು ಬಂದವನು ಏಣಿ ಹೊತ್ತು ತರುವ ಸೋಮಾರಿತನಕ್ಕೆ ಕೌಂಟರಿನ ಮೂಲೆ ಹತ್ತಿ ನಿಂತ. ಗೋಡೆಯಿಂದ ಒಂದು ಗೇಣಿಗಿಂತ ಹೆಚ್ಚು ಹೊರಚಾಚಿದ ಮೂಲೆ ಅದು, ಕೆಳಗೆ ಆಧಾರವಿಲ್ಲ. ಕಲ್ಲು ಮುರಿಯಿತು, ಅವನು ಬಿದ್ದ. ಅವನಿಗೆ ಏನೂ ಆಗಲಿಲ್ಲ. ಮೂಲೆ ಮಾತ್ರ ಹದಿನೇಳು ಚೂರಾಯಿತು. ಮಂಗಳವಾರ ಮೇಸ್ತ್ರಿ ಹೋಗಿ ನೋಡಿದಾಗ ಮೇಡಂ ಹದಿನೇಳನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ ಇಟ್ಟಿದ್ದರು, ಹೇಗಾದರೂ ಕೂಡಿಸಬಹುದೇನೋ ಎಂಬ ಆಸೆಯಿಂದ.

"ಆಗಲ್ಲ ಮೇಡಂ. ಅಂಟು ಹಾಕಿದ್ರೆ ಜೇಡರಬಲೆ ಹಾಗೆ ಕಾಣುತ್ತೆ," ಎಂದು ಮೇಸ್ತ್ರಿ ಹೋಲಿಸಿ ನೋಡಲು ಒಂದು ಚೂರನ್ನು ಮಾತ್ರ ಕರವಸ್ತ್ರದಲ್ಲಿ ಸುತ್ತಿಕೊಂಡ.

"ನೋಡಿ ಮೇಸ್ತ್ರಿ, ಕಮಿಟಿಯವರು ಆಗಲೇ ಹೇಳಿಬಿಟ್ಟಿದ್ದಾರೆ. ಶನಿವಾರ ಮಧ್ಯಾಹ್ನದೊಳಗೆ ಸರಿಹೋದ್ರೆ ಸರಿ. ಇಲ್ಲದಿದ್ರೆ ಕಲ್ಲೆಲ್ಲ ಕಿತ್ತು ಪ್ಲೈವುಡ್ ಹಾಕಿ ಮೈಕಾ ಶೀಟ್ ಅಂಟಿಸ್ತಾರೆ. ಬಡಗಿಗೂ ಹೇಳಿ ಆಗಿದೆ."

"ಮೈಕಾ ಶೀಟಾ?"

"ಕಲ್ಲಿನ ಹಾಗೇ ಕಾಣೋ ಡಿಸೈನ್ ಬರುತ್ತಂತೆ," ಎಂದರು ಮೇಡಂ. ಅವನ ಮುಖ ನೋಡಿ, "ನಾನು ಹೇಳಿದ್ದಲ್ಲ, ಅವರು ಹೇಳಿದ್ದು," ಎಂದು ಸೇರಿಸಿದರು.

ಅವನ ಕೆಲಸದಲ್ಲಿ ಒಂದು ರಿವಾಜಿತ್ತು. ಯಾವ ದೊಡ್ಡ ಕೆಲಸ ಮಾಡಿದರೂ ಅದೇ ಸ್ಲ್ಯಾಬಿನ ಒಂದು ತುಂಡನ್ನು ತೆಗೆದಿಡಬೇಕು. ಅದಕ್ಕೆ ಸಾಕ್ಷಿ ತುಂಡು ಎಂದು ಹೆಸರು. ಒಂದೇ ಹೆಸರಿನ ಕಲ್ಲು ಎಲ್ಲಾದರೂ ಸಿಕ್ಕೀತು, ಒಂದೇ ಹೊಟ್ಟೆಯ ಕಲ್ಲು ಮತ್ತೆ ಸಿಗುವುದಿಲ್ಲ ಎಂದು ಹಳಬರು ಹೇಳುತ್ತಿದ್ದರು. ಲೈಬ್ರರಿ ಕೆಲಸದ್ದೂ ಒಂದು ತುಂಡು ಉಳಿದಿತ್ತು: ಎರಡು ಅಡಿಗೆ ಒಂದೂವರೆ ಅಡಿ, ಒಂದು ಸಣ್ಣ ಸೀಳೂ ಇಲ್ಲದ್ದು. ಆ ತುಂಡಿದ್ದಿದ್ದರೆ ಮೇಸ್ತ್ರಿ ಈ ಮಂಜಿನಲ್ಲಿ ಯಾರ್ಡಿಂದ ಯಾರ್ಡಿಗೆ ಅಲೆಯಬೇಕಿರಲಿಲ್ಲ.

ಆ ತುಂಡನ್ನು ಭಾವ ಮಾರಿಕೊಂಡಿದ್ದ. ಹಾಗೆಂದು ಹನ್ನೊಂದು ವರ್ಷದಿಂದ ಮೇಸ್ತ್ರಿ ನಂಬಿದ್ದ.

ಭಾವ ಎಂದರೆ ಅಕ್ಕನ ಗಂಡ. ಯಾರ್ಡಿನಲ್ಲಿ ಕಲ್ಲು ಕೊಯ್ಯುವವನು. ಕೆಲಸಕ್ಕೂ ನಾಲಿಗೆಗೂ ಸೇರಿಸಿ ಎಲ್ಲರೂ ಅವನನ್ನು ಗರಗಸ ಎನ್ನುತ್ತಿದ್ದರು. ಅವನು ಕೊಯ್ಯಬೇಕು, ಇವನು ಉಜ್ಜಬೇಕು. ಹದಿನೆಂಟು ವರ್ಷ ಒಂದೇ ನೊಗದ ಎತ್ತಿನ ಹಾಗೆ ದುಡಿದವರು. ಲೈಬ್ರರಿಯ ಕೆಲಸ ಮುಗಿದ ಸಂಜೆ ಸಾಕ್ಷಿ ತುಂಡು ಯಾರ್ಡಿನಿಂದ ಕಾಣೆಯಾಯಿತು. ಭಾವ ಅದನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋದದ್ದನ್ನು ಕಾವಲುಗಾರ ನೋಡಿದ್ದ. ವಾರದೊಳಗೆ ಒಬ್ಬ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಅಂಥದೇ ಕಲ್ಲಿನ ಕೈತೊಳೆಯುವ ಕಟ್ಟೆ ಬಂತು. ಎರಡಕ್ಕೆ ಎರಡು ಕೂಡಿಸಿ, ಮರುದಿನ ಚಹಾದ ಹೊತ್ತಿಗೆ ಎಂಟು ಜನರ ಎದುರಿಗೆ ಮೇಸ್ತ್ರಿ, "ಸಾಕ್ಷಿ ತುಂಡನ್ನೂ ಮಾರ್ಕೊಂಡು ತಿಂದ ಮನುಷ್ಯ," ಎಂದುಬಿಟ್ಟ. ಗರಗಸ ಎಂದು ಹೆಸರಾದವನು ಅವತ್ತು ಒಂದು ಮಾತೂ ಆಡಲಿಲ್ಲ. ಅರ್ಧ ಕುಡಿದ ಲೋಟವನ್ನು ಕಲ್ಲಿನ ಮೇಲಿಟ್ಟು ಎದ್ದು ಹೋದ. ಆಮೇಲೆ ಬೇರೆ ಯಾರ್ಡ್ ಸೇರಿದ.

ಭಾವನ ರಸಮಟ್ಟ ಮಾತ್ರ ಮೇಸ್ತ್ರಿಯ ಚೀಲದಲ್ಲಿ ಉಳಿಯಿತು. ಕೌಂಟರ್ ಕೂರಿಸುವಾಗ ಕೇಳಿ ತೆಗೆದುಕೊಂಡದ್ದು. ತೇಗದ ಮೈ, ಎರಡು ತುದಿಗೂ ಹಿತ್ತಾಳೆಯ ಪಟ್ಟಿ, ನಡುವೆ ಗಾಜಿನ ಕೊಳವೆಯಲ್ಲಿ ಒಂದು ಗುಳ್ಳೆ, ಕಲ್ಲು ಮಟ್ಟವಾಗಿ ಕೂತಿದ್ದರೆ ನಟ್ಟನಡುವೆ ನಿಲ್ಲುವಂಥದು. ಭಾವನಿಗೆ ಅವನ ಗುರು ಕೊಟ್ಟದ್ದು. "ಕಲ್ಲು ಬರಲಿ, ಆಮೇಲೆ ರಸಮಟ್ಟ ಹೋಗುತ್ತೆ," ಎಂದು ಮೇಸ್ತ್ರಿ ಅಕ್ಕನ ಹತ್ತಿರ ಹೇಳಿ ಕಳಿಸಿದ್ದ. ಕಲ್ಲೂ ಬರಲಿಲ್ಲ, ರಸಮಟ್ಟವೂ ಹೋಗಲಿಲ್ಲ. ಆಮೇಲೆ ಒಂದು ದಿನವೂ ಅವನು ಅದನ್ನು ಬಳಸಲಿಲ್ಲ. ವರ್ಷಕ್ಕೊಮ್ಮೆ ಬಟ್ಟೆ ಬಿಚ್ಚಿ, ಮರ ಒಣಗಬಾರದೆಂದು ಎಣ್ಣೆ ಹಚ್ಚಿ ಮತ್ತೆ ಕಟ್ಟಿಡುತ್ತಿದ್ದ. ಹಗೆಯನ್ನು ಇಷ್ಟು ಜೋಪಾನ ಮಾಡುವವರು ಯಾರೂ ಇಲ್ಲ ಎಂದು ಅವನ ಹೆಂಡತಿ ಒಂದು ಸಲ ನಕ್ಕಿದ್ದಳು.

ಹನ್ನೊಂದು ಗಂಟೆಗೆ ಅವನು ಐದನೆಯ ಕಲ್ಲಿನ ಆಸೆಯನ್ನೂ ಬಿಟ್ಟ. ಯಜಮಾನ ಕಾರಿನ ದೀಪ ಹಚ್ಚಿ ಕಲ್ಲಿನ ಮೇಲೆ ಬಿಟ್ಟಾಗ ಅದು ಕಣ್ಣೇನೋ ತೆರೆಯಿತು. ತೆರೆದದ್ದು ಹಸಿರು ಕಣ್ಣು. ಇನ್ನು ಉಳಿದದ್ದು ಒಂದೇ ದಾರಿ. ಭಾವ ಆ ತುಂಡನ್ನು ಯಾರಿಗೆ ಮಾರಿದನೋ ತಿಳಿದುಕೊಂಡು ಅವರ ಕೈಕಾಲು ಹಿಡಿಯಬೇಕು. ಬಟ್ಟೆ ವ್ಯಾಪಾರಿಯಾದರೆ ಅವನ ಕೈತೊಳೆಯುವ ಕಟ್ಟೆಯನ್ನೇ ಕೊಂಡುಬಿಡಬೇಕು. ಅದಕ್ಕೂ ಮೊದಲು ಗರಗಸದ ಬಾಯಿಗೆ ಕುತ್ತಿಗೆ ಕೊಡಬೇಕು.

ಅಕ್ಕನ ಮನೆಯ ಹಿತ್ತಿಲ ಬಾಗಿಲಿನಿಂದಲೇ ಹೋಗುವುದು ಅವನ ಅಭ್ಯಾಸ. ಭಾವನೊಂದಿಗೆ ಮಾತು ಬಿಟ್ಟಮೇಲೂ ಅಕ್ಕನನ್ನು ಬಿಟ್ಟಿರಲಿಲ್ಲ. ಹಿತ್ತಿಲಲ್ಲಿ ನಲ್ಲಿ, ನಲ್ಲಿಯ ಕೆಳಗೆ ಒಗೆಯುವ ಕಲ್ಲು. ದಾರಿಯ ಕೆಸರೆಲ್ಲ ಕಾಲಿಗೆ ಮೆತ್ತಿತ್ತು. ಕಲ್ಲಿನ ಮೇಲೆ ಹತ್ತಿ ನಿಂತು ನಲ್ಲಿ ತಿರುಗಿಸಿದ. ಕಲ್ಲು ಎಂದಿನಂತೆ ಕಟಕ್ ಎಂದು ಅಲ್ಲಾಡಿತು. ಎಂದಿನಂತೆ ಅವನಿಗೆ ಸಿಟ್ಟು ಬಂತು. ಊರಿನ ಮನೆಗಳಿಗೆಲ್ಲ ಕಲ್ಲು ಕೊಯ್ದು ಕೊಟ್ಟ ಮನುಷ್ಯ, ಹೆಂಡತಿಯ ಒಗೆಯುವ ಕಲ್ಲಿಗೆ ಒಂದು ಬಾಂಡ್ಲಿ ಸಿಮೆಂಟ್ ಹಾಕಲಿಲ್ಲ. ಬರಿಯ ಮರಳಿನ ಮೇಲೆ ಕೂರಿಸಿದ್ದಾನೆ. ರಸಮಟ್ಟ ನನ್ನ ಹತ್ತಿರ ಇದೆಯಲ್ಲ, ಹೇಗೆ ಕೂರಿಸುತ್ತಾನೆ ಪಾಪ, ಎಂದು ಒಳಗೇ ಸ್ವಲ್ಪ ಹಿಗ್ಗಿದ್ದೂ ಉಂಟು. ಇವತ್ತು ಹಿಗ್ಗಲು ಮನಸ್ಸಿರಲಿಲ್ಲ.

ಒಳಗೆ ಅಕ್ಕ ಬಟ್ಟೆ ಮಡಚುತ್ತಿದ್ದಳು. ಮೂರು ದಿನ ಒಣಗದ ಬಟ್ಟೆ. ಕೋಣೆಯ ತುಂಬ ಹಸಿ ವಾಸನೆ. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಭಾವ, ಮೊಣಕಾಲ ಮೇಲೆ ಪತ್ರಿಕೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇವನನ್ನು ಕಂಡು ಪತ್ರಿಕೆಯನ್ನು ಇನ್ನೊಂದಿಷ್ಟು ಮೇಲಕ್ಕೆತ್ತಿದ.

"ಏನೋ ಇದು, ಮುಖ ಹೀಗೆ ಮಾಡ್ಕೊಂಡಿದ್ದೀಯ? ಊಟ ಮಾಡಿದ್ಯಾ?" ಎಂದಳು ಅಕ್ಕ.

"ಊಟಕ್ಕೆ ಬರಲಿಲ್ಲ. ಅಕ್ಕಾ, ಅವರನ್ನ ಒಂದು ಮಾತು ಕೇಳು. ಆ ತುಂಡನ್ನ ಯಾರಿಗೆ ಮಾರಿದ್ರು ಅಂತ ಕೇಳು. ಜಗಳಕ್ಕೆ ಬಂದಿಲ್ಲ ಅಂತಲೂ ಹೇಳು."

ಅಕ್ಕ ಗಂಡನ ಕಡೆ ತಿರುಗಲೂ ಇಲ್ಲ. ಆ ಮನೆಯಲ್ಲಿ ಮಾತು ಹನ್ನೊಂದು ವರ್ಷದಿಂದ ಹೀಗೇ ನಡೆದಿತ್ತು.

"ನಿನ್ನ ತಮ್ಮನಿಗೆ ಹೇಳು," ಎಂದಿತು ಪತ್ರಿಕೆ, "ಜಗಳಕ್ಕೆ ಬಂದಿಲ್ಲದವರು ಚಪ್ಪಲೀನ ಅಷ್ಟು ಜೋರಾಗಿ ಬಿಸಾಕಲ್ಲ ಅಂತ."

"ಅಕ್ಕಾ, ಲೈಬ್ರರಿ ಕೌಂಟರ್ ಮೂಲೆ ಮುರಿದಿದೆ ಅಂತ ಹೇಳು. ನಾಳೆ ಮಧ್ಯಾಹ್ನದೊಳಗೆ ಅದೇ ಕಲ್ಲು ಸಿಗದಿದ್ರೆ ಪೂರ್ತಿ ಕಿತ್ತು ಹಾಕ್ತಾರೆ."

ಪತ್ರಿಕೆಯ ಹಾಳೆಯೊಂದು ಮಗುಚಿತು. "ಯಾವ ಮೂಲೆ ಅಂತ ಕೇಳು."

"ಬಾಗಿಲ ಕಡೇದು."

"ಹ್ಞಾ! ಆಧಾರ ಕೊಡದೆ ಅಷ್ಟು ಚಾಚಬೇಡ ಅಂತ ಯಾರೋ ಒಬ್ಬರು ಹೇಳಿದ್ರಂತೆ, ಜ್ಞಾಪಕ ಇದೆಯಾ ಅಂತ ಕೇಳು. ಗಟ್ಟಿ ಕಲ್ಲು ಬಾಗೋದಿಲ್ಲ, ಮುರಿಯುತ್ತೆ ಅಂತ."

ಮೇಸ್ತ್ರಿಯ ಕಿವಿ ಬಿಸಿಯಾಯಿತು. ಹೇಳಿದ್ದು ನಿಜ. ಚಂದಕ್ಕಿರಲಿ ಎಂದು ಹಠ ಹಿಡಿದವನು ತಾನೇ. "ಹೌದಪ್ಪ, ಹೇಳಿದ್ರು. ತಪ್ಪು ನಂದೇ ಅಂತ ಹೇಳು. ಈಗಲಾದ್ರೂ ಯಾರಿಗೆ ಮಾರಿದ್ರು ಅಂತ ಹೇಳೋಕೆ ಹೇಳು."

"ಮಾರಿಲ್ಲ ಅಂತ ಹೇಳು."

"ಸುಳ್ಳು ಹೇಳಬೇಡಿ ಅಂತ ಹೇಳು!"

"ಅಯ್ಯೋ, ನನ್ನನ್ನೇನು ಪೋಸ್ಟ್ ಡಬ್ಬ ಅಂದ್ಕೊಂಡಿದ್ದೀರಾ ಇಬ್ಬರೂ?" ಅಕ್ಕ ಕೈಯಲ್ಲಿದ್ದ ಪಂಚೆಯನ್ನು ಮಂಚದ ಮೇಲೆ ಎಸೆದಳು. "ಅರವತ್ತು ದಾಟಿದೆ ನನಗೆ. ನಾನು ಸತ್ತ ಮೇಲೆ ಇಬ್ಬರೂ ಯಾರ ಕೈಲಿ ಹೇಳಿ ಕಳಿಸ್ತೀರೋ ನೋಡ್ತೀನಿ. ನೋಡೋಕೆ ನಾನಿರಲ್ಲ ಅನ್ನೋದೊಂದೇ ಬೇಜಾರು."

ಮಾಡಿನ ಅಂಚಿನಿಂದ ಹನಿ ಬೀಳುವುದು ಕೇಳಿಸುತ್ತಿತ್ತು. ಮೇಸ್ತ್ರಿ ಕರವಸ್ತ್ರ ಬಿಚ್ಚಿ ಚೂರನ್ನು ನೋಡಿದ. ಮೂರು ದಿನದ ಅಲೆದಾಟ, ಮಂಡಿನೋವು, ಯಜಮಾನನ ವ್ಯಂಗ್ಯ, ಮೈಕಾ ಶೀಟಿನ ಬಡಗಿ, ಎಲ್ಲ ಒಟ್ಟಿಗೆ ಮೇಲೆ ಬಿದ್ದ ಹಾಗಾಯಿತು. ಸಿಟ್ಟು ಮಾಡಲು ಕೂಡ ತ್ರಾಣ ಉಳಿದಿರಲಿಲ್ಲ.

"ಮಾರಿಲ್ಲದಿದ್ರೆ," ಎಂದು ಅವನು ನೇರ ಕಿಟಕಿಯ ಕಡೆಗೇ ತಿರುಗಿ ಕೇಳಿದ, "ಎಲ್ಲಿದೆ ಭಾವ ಅದು?"

ಪತ್ರಿಕೆ ಕೆಳಗಿಳಿಯಿತು. ಭಾವ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಇವನನ್ನು ನೋಡಿದ.

"ಅವತ್ತು ಇಷ್ಟು ಕೇಳಿದ್ರೆ ಆಗ್ತಿತ್ತು ಮಾರಾಯ. ನೀನು ಕೇಳಲಿಲ್ಲ. ಎಲ್ಲರ ಎದುರಿಗೆ ಅಂದುಬಿಟ್ಟೆ." ಪತ್ರಿಕೆಯನ್ನು ಮೊಣಕಾಲ ಮೇಲಿಟ್ಟ. "ಯಾರ್ಡಲ್ಲಿಟ್ರೆ ಯಜಮಾನ ಬಿಡ್ತಾನಾ? ನಾಳೆ ಯಾರಾದ್ರೂ ಗಿರಾಕಿ ಕಣ್ಣು ಹಾಕಿದ್ರೆ ಕೊಯ್ದು ಕೊಟ್ಟುಬಿಡ್ತಾನೆ. ಒಳ್ಳೆ ಸಾಮಾನನ್ನ ಯಾರೂ ನೋಡದ ಕಡೆ ಇಡಬೇಕು. ಇಲ್ಲಾಂದ್ರೆ ಎಲ್ಲರೂ ನೋಡೋ ಕಡೆ, ನೋಡಿದ್ರೂ ಗೊತ್ತಾಗದ ಹಾಗೆ ಇಡಬೇಕು." ಪತ್ರಿಕೆ ಮಡಚಿದ. "ಕಾಲು ತೊಳ್ಕೊಂಡು ಬಂದ್ಯಲ್ಲ? ಎಲ್ಲಿ ನಿಂತು ತೊಳ್ಕೊಂಡೆ?"

ಮೇಸ್ತ್ರಿಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಅಕ್ಕನ ಮುಖ ನೋಡಿದ. ಅವಳು ಬೇಗಬೇಗ ಪಂಚೆ ಮಡಚತೊಡಗಿದ್ದಳು.

"ನಿನಗೂ ಗೊತ್ತಿತ್ತಾ?"

"ದಿನಾ ಅದರ ಮೇಲೆ ಒಗೆಯೋಳು ನಾನು. ಗೊತ್ತಿರದೆ ಏನು? ಸಿಮೆಂಟ್ ಹಾಕಿ ಅಂತ ಹನ್ನೊಂದು ವರ್ಷದಿಂದ ಬಡ್ಕೋತಿದ್ದೀನಿ. ಒಂದು ದಿನ ಎತ್ತಬೇಕಾಗುತ್ತೆ, ಹಾಕಲ್ಲ ಅಂತಾರೆ. ನೀನು ಹೇಳಬೇಡ, ಅವನೇ ಕೇಳಲಿ ಅಂತ ನನ್ನ ಬಾಯಿಗೂ ಬೀಗ."

ಮೂವರೂ ಹಿತ್ತಿಲಿಗೆ ಹೋದರು. ಮೂಲೆಯಲ್ಲಿದ್ದ ಹಾರೆಯನ್ನು ಮೇಸ್ತ್ರಿ ಕಲ್ಲಿನ ಅಂಚಿಗೆ ಕೊಟ್ಟ. ಸಿಮೆಂಟಿಲ್ಲದ ಕಲ್ಲು ಸಲೀಸಾಗಿ ಎದ್ದಿತು. "ನಿಧಾನ, ನಿಧಾನ," ಎಂದು ಭಾವ ಎರಡೂ ಕೈಯನ್ನು ಗಾಳಿಯಲ್ಲಿ ಹಿಡಿದು ನಿಂತಿದ್ದ. ಕಲ್ಲನ್ನು ಗೋಣಿಯ ಮೇಲೆ ಮಗುಚಿ ಹಾಕಿದಾಗ ಮೊದಲು ಕಂಡದ್ದು ಒದ್ದೆ ಮರಳು, ಎರಡು ಎರೆಹುಳ. ಅಕ್ಕ ಒಂದು ಚೊಂಬು ನೀರು ಸುರಿದಳು. ಮರಳು ಜಾರಿತು.

ಹನ್ನೊಂದು ವರ್ಷ ತೇವದಲ್ಲಿ ಬೋರಲು ಮಲಗಿದ್ದ ಕಲ್ಲು ಒಂದು ಹನಿಯನ್ನೂ ಕುಡಿದಿರಲಿಲ್ಲ. ಕಪ್ಪು ಕಪ್ಪಾಗಿ, ಕೊಳದ ನೀರಿನ ಹಾಗೆ ಇತ್ತು. ಅದರಲ್ಲಿ ಬಗ್ಗಿ ನೋಡುವ ಮೂವರ ತಲೆ ಕಾಣಿಸುತ್ತಿತ್ತು. ಕಣ್ಣು ಮಾತ್ರ ತೆರೆಯಲಿಲ್ಲ. ಆಕಾಶವೆಲ್ಲ ಹಿಟ್ಟು ಬಳಿದ ಹಾಗೆ. ಮೇಸ್ತ್ರಿ ಬಗ್ಗಿದ, ಸರಿದ, ಕೂತ, ತಲೆ ವಾಲಿಸಿದ. ಇಷ್ಟು ಕಾಲ ಹುಡುಕಿದ್ದು ಕೈಗೆ ಸಿಕ್ಕರೂ ಮುಖ ತೋರಿಸುವುದಿಲ್ಲವಲ್ಲ ಎಂದು ಹಲ್ಲು ಕಚ್ಚಿದ.

"ಅಲ್ಲಲ್ಲ. ಆ ಕಡೆಯಿಂದ ನೋಡ್ತಾರಾ? ಇಲ್ಲಿ ಬಾ," ಎಂದು ಭಾವ ಅವನ ತೋಳು ಹಿಡಿದು ತನ್ನ ಜಾಗಕ್ಕೆ ಎಳೆದ. "ಕೊಯ್ದವನು ನಾನು. ಇದರ ತಲೆ ಯಾವ ಕಡೆ, ಕಾಲು ಯಾವ ಕಡೆ ನನಗೆ ಗೊತ್ತು."

ಅಲ್ಲಿಂದ ನೋಡಿದಾಗ, ಮಂಜಿನ ಮಂಕು ಬೆಳಕಿನಲ್ಲೇ, ಕಪ್ಪಿನ ಆಳದಲ್ಲೊಂದು ಹರಳು ಅರೆಗಣ್ಣು ಬಿಟ್ಟಿತು. ಪಕ್ಕದಲ್ಲಿ ಇನ್ನೊಂದು. ಮೇಸ್ತ್ರಿ ಚೂರನ್ನು ಅದರ ಪಕ್ಕಕ್ಕೆ ಹಿಡಿದ. ಎರಡರ ನೀಲಿಗೂ ನಡುವೆ ಗೆರೆಯೇ ಇರಲಿಲ್ಲ.

ಎಂಟು ಜನರ ಎದುರಿಗೆ ಅಂದದ್ದನ್ನು ಒಬ್ಬನ ಎದುರಿಗೆ ಹೇಗೆ ಹಿಂದಕ್ಕೆ ತೆಗೆದುಕೊಳ್ಳುವುದೆಂದು ಅವನಿಗೆ ತಿಳಿಯಲಿಲ್ಲ. ಭಾವ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಕಲ್ಲಿನ ಒಂದು ಅಂಚಿಗೆ ಅಡ್ಡ ಗೆರೆ ಎಳೆದ. "ಈ ಅಂಚು ಕಿಟಕಿಯ ಕಡೆಗೆ. ತಪ್ಪಿ ತಿರುಗಿಸಿದ್ಯೋ, ಮೂಲೆ ಕುರುಡಾಗುತ್ತೆ. ಕೆಳಗೆ ಒಂದು ಕಬ್ಬಿಣದ ಆಧಾರ ಕೊಡು ಈ ಸಲ."

"ಕೊಡ್ತೀನಿ."

"ನಿನ್ನ ಹಠಕ್ಕೂ ಒಂದು ಕೊಡು."

"ನಿಮ್ಮದಕ್ಕೆ ಯಾರು ಕೊಡೋದು?" ಎಂದಳು ಅಕ್ಕ, ಖಾಲಿಯಾದ ಮರಳಿನ ಗುಂಡಿಯನ್ನೇ ನೋಡುತ್ತ. "ಅದಿರಲಿ, ನಾಳೆ ನಾನು ಬಟ್ಟೆ ಎಲ್ಲಿ ಒಗೀಲಿ?"

ಯಾರ್ಡಿಗೆ ತಂದು, ಅಳತೆಗೆ ಕೊಯ್ಯಿಸಿ, ಅಂಚು ಉಜ್ಜುವಾಗ ಎರಡು ಸಲ ಕರೆಂಟ್ ಹೋಯಿತು. ಉಜ್ಜುವ ಪ್ಯಾಡ್ ಒಂದು ಕೈಯಲ್ಲೇ ಹರಿದು ಹಾರಿತು. ಶನಿವಾರ ಹತ್ತಕ್ಕೆ ಅಂಟು ಹಚ್ಚಿ ಮೂಲೆಯನ್ನು ಕೂರಿಸಿದ. ಕೆಳಗೆ ಕಬ್ಬಿಣದ ಆಧಾರ ಬಿಗಿದ. ಬಡಗಿ ಅಳತೆ ಪಟ್ಟಿ ಹಿಡಿದುಕೊಂಡು ಹನ್ನೊಂದಕ್ಕೇ ಬಂದು ಕುರ್ಚಿಯಲ್ಲಿ ಕೂತಿದ್ದ. ಮೇಡಂ ಕನ್ನಡಕ ಏರಿಸಿ, ಉಗುರಿನಿಂದ ಕಲ್ಲಿನ ಉದ್ದಕ್ಕೂ ಗೀರುತ್ತ ಬಂದು ಒಂದು ಕಡೆ ನಿಲ್ಲಿಸಿದರು.

"ಇಲ್ಲಿದೆ ಜೋಡಣೆ."

"ಉಗುರಿಗೆ ಸಿಗುತ್ತೆ ಮೇಡಂ. ಕಣ್ಣಿಗೆ ಸಿಗಲ್ಲ."

ಅವರು ಇನ್ನೊಂದು ಸಲ ನೋಡಿದರು, ಹಿಂದೆ ಸರಿದು ನೋಡಿದರು. ಆಮೇಲೆ ಬಡಗಿಗೆ, "ನೀವು ಹೊರಡಿ," ಎಂದರು. ಖಾನೆಯಿಂದ ಜೇನು ಸಾಕಣೆಯ ಪುಸ್ತಕ ತೆಗೆದು ಮುದ್ರೆ ಒತ್ತಿ ಮೇಸ್ತ್ರಿಯ ಕಡೆ ಸರಿಸಿದರು. ಅವನು ಕೇಳಿರಲಿಲ್ಲ.

ಭಾನುವಾರ ಮಂಜು ಎದ್ದು ಹೋಗಿತ್ತು. ಮೇಸ್ತ್ರಿ ಕೈಗಾಡಿಯಲ್ಲಿ ಒಂದು ಕಪ್ಪು ಕಲ್ಲು ತಳ್ಳಿಕೊಂಡು ಅಕ್ಕನ ಹಿತ್ತಿಲಿಗೆ ಬಂದ. ಕಣ್ಣಿಲ್ಲದ, ಹೊಳಪಿಲ್ಲದ, ಬಟ್ಟೆ ಒಗೆಯಲೆಂದೇ ಉಳಿಯಿಂದ ಮೈ ಕಚ್ಚಿಸಿದ ಕಲ್ಲು. ಹಳೆಯ ಮರಳು ತೆಗೆದು, ಜಲ್ಲಿ ಹಾಕಿ, ಸಿಮೆಂಟ್ ಕಲಸಿದ. ಭಾವ ಕುರ್ಚಿಯನ್ನು ಹೊರಗೆ ಹಾಕಿಸಿಕೊಂಡು, ಬಿಸಿಲಿಗೆ ಬೆನ್ನು ಕೊಟ್ಟು, ಒಂದು ಕಾಲದ ಗರಗಸವೇ ಆಗಿ ಕೂತಿದ್ದ. ಸಿಮೆಂಟ್ ನೀರಾಯಿತು ಎಂದ. ಬಲಗಡೆ ತಗ್ಗು ಎಂದ. ಪಾಲಿಶ್‌ನವರಿಗೆ ಗಾರೆ ಕೆಲಸ ಯಾಕೆ ಬೇಕು, ಮೀನಿಗೆ ಮರ ಹತ್ತೋ ಹುಚ್ಚು, ಎಂದ. ಮೇಸ್ತ್ರಿ ಕರಣೆ ಆಡಿಸುತ್ತಲೇ ಇದ್ದ. ಬಲಗಡೆ ನಿಜಕ್ಕೂ ತಗ್ಗಿತ್ತು, ಸರಿಮಾಡಿದ.

ಕೆಲಸ ಮುಗಿದಾಗ ಅಕ್ಕ ಮೂರು ಲೋಟ ಚಹಾ ತಂದಿಟ್ಟಳು. ಮೇಸ್ತ್ರಿ ಕೈ ತೊಳೆದು ಸಾಮಾನುಗಳನ್ನು ಚೀಲಕ್ಕೆ ತುಂಬಿದ. ಕರಣೆ, ಸುತ್ತಿಗೆ, ನೂಲುಂಡೆ. ಚೀಲದ ತಳದಿಂದ ಒಂದು ಬಟ್ಟೆಯ ಗಂಟು ಮೇಲೆ ಬಂತು. ಅದನ್ನು ಬಿಚ್ಚಿ, ಒಳಗಿದ್ದದ್ದನ್ನು ಭಾವನ ಲೋಟದ ಪಕ್ಕಕ್ಕೆ ಇಟ್ಟು, ಬಟ್ಟೆಯನ್ನು ಮಾತ್ರ ಮಡಚಿ ಚೀಲಕ್ಕೆ ಹಾಕಿಕೊಂಡ.

ಭಾವ ಲೋಟವನ್ನು ಪಕ್ಕಕ್ಕೆ ಸರಿಸಿದ. ಸ್ವಲ್ಪ ಹೊತ್ತು ಅದನ್ನು ಮುಟ್ಟಲಿಲ್ಲ. ಆಮೇಲೆ ತೇಗದ ಮೈಯ ಮೇಲೆ ಬೆರಳು ಎಳೆದು, ಬೆರಳನ್ನು ಮೂಗಿನ ಹತ್ತಿರ ತಂದು ನೋಡಿದ. ಎಣ್ಣೆಯ ವಾಸನೆ. ಎದ್ದು, ಎರಡು ಕೈಯಲ್ಲೂ ರಸಮಟ್ಟ ಹಿಡಿದು, ಹೊಸ ಒಗೆಯುವ ಕಲ್ಲಿನ ಮೇಲೆ ಇಟ್ಟ. ಗಾಜಿನೊಳಗೆ ಗುಳ್ಳೆ ಅತ್ತಿತ್ತ ಓಡಿತು. ಒಗೆಯುವ ಕಲ್ಲಿಗೆ ಮೋರಿಯ ಕಡೆ ವಾಟ ಬೇಕು, ಸ್ವಲ್ಪ ಇಳಿಜಾರು, ಇಲ್ಲದಿದ್ದರೆ ನೀರು ನಿಲ್ಲುತ್ತದೆ. ಗುಳ್ಳೆ ನಡುವೆ ನಿಲ್ಲಲಿಲ್ಲ. ನಿಧಾನವಾಗಿ ಎತ್ತರದ ಕಡೆಗೆ, ಮನೆಯ ಕಡೆಗೆ ಸರಿದು, ಎಷ್ಟು ಸರಿಯಬೇಕೋ ಅಷ್ಟು ಸರಿದು ನಿಂತಿತು.